ಮುಂದಿನ ಚಕ್ರದಲ್ಲಿ ಟಕ ಟಕ ಶಬ್ದವೇ? ಡ್ರೈವ್ ಶಾಫ್ಟ್ ತುಂಡಾಗುವ ಮೊದಲು ಗಾಡಿಯ ಅಡಿ ನೋಡಿ

ಆಟಿಯ ಮಳೆ ನಡುವೆ ಮೂರು ದಿನ ಬಿಸಿಲು ಸಿಕ್ಕಿದರೆ ಬಂಟ್ವಾಳ, ಬೆಳ್ತಂಗಡಿ ಕಡೆಯ ಅಡಿಕೆ ಕೃಷಿಕರಿಗೆ ಅದು ಹಬ್ಬ. ಎರಡನೇ ಸಲದ ಮದ್ದು ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಅಂಥದೇ ಒಂದು ಬೆಳಿಗ್ಗೆ ನಮ್ಮ ಫೋರ್ ವೀಲ್ ಗಾಡಿಯಲ್ಲಿ ಮೈಲುತುತ್ತು, ಸುಣ್ಣ, ಪಂಪು, ಪೈಪು ಎಲ್ಲ ತುಂಬಿಸಿ ಮೇಲಿನ ತೋಟಕ್ಕೆ ಹೊರಟಿದ್ದೆವು. ಕೊನೆಯ ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಮುಂದಿನಿಂದ 'ಟಡ್' ಅಂತ ಒಂದು ಶಬ್ದ. ಆಮೇಲೆ ಗಾಡಿ ಮುಂದಕ್ಕಿಲ್ಲ. ಹಿಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತುತ್ತಿತ್ತು.

ಎಡಬದಿಯ ಮುಂದಿನ ಡ್ರೈವ್ ಶಾಫ್ಟಿನ ಜಾಯಿಂಟ್ ಒಡೆದಿತ್ತು. ಗಾಡಿ ಕೆಳಗಿಳಿಸಿ, ಗ್ಯಾರೇಜಿಗೆ ಮುಟ್ಟಿಸಿ, ಸಾಮಾನು ತರಿಸಿ ರಿಪೇರಿ ಆಗುವಾಗ ಆರು ದಿನ ಕಳೆದಿತ್ತು. ಬಿಸಿಲು ಅಷ್ಟರಲ್ಲೇ ಹೋಗಿತ್ತು. ಮೇಲಿನ ತೋಟಕ್ಕೆ ಕೊಳೆರೋಗ ಬಂತು.

ತಪ್ಪು ಗಾಡಿಯದ್ದಲ್ಲ, ನನ್ನದೇ. ಬೇಸಿಗೆಯಲ್ಲೇ ಆ ಚಕ್ರದ ಒಳಬದಿಗೆ ಕಪ್ಪು ಗ್ರೀಸ್ ರಟ್ಟಿದ್ದನ್ನು ನೋಡಿದ್ದೆ. ಬಟ್ಟೆಯಲ್ಲಿ ಒರೆಸಿ ಸುಮ್ಮನಾಗಿದ್ದೆ. ಆ ದಿನ ಹರಿದ ರಬ್ಬರ್ ಬೂಟ್ ಒಂದನ್ನು ಬದಲಿಸಿದ್ದರೆ ಸಾಕಿತ್ತು. ಈ ವಾರದ ಲೇಖನ ಬರೆಯುವುದಕ್ಕೆ ಕಾರಣ ಅದೇ.

ನಮ್ಮ ಊರಲ್ಲಿ ಇದು ಯಾಕೆ ಬೇಗ ಹಾಳಾಗುತ್ತದೆ?

ಮುಂದಿನ ಚಕ್ರಕ್ಕೆ ಎರಡು ಕೆಲಸ: ಗಾಡಿಯನ್ನು ಎಳೆಯಬೇಕು, ಜೊತೆಗೆ ಎಡಕ್ಕೂ ಬಲಕ್ಕೂ ತಿರುಗಬೇಕು. ಹಾಗಾಗಿ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಶಾಫ್ಟಿನ ನಡುವೆ ಬಾಗುವ ಗಂಟು ಬೇಕು. ಅದೇ ಜಾಯಿಂಟ್. ನೇರ ಹೋಗುವಾಗ ಅದಕ್ಕೆ ಕಷ್ಟ ಕಡಿಮೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಲೋಡ್ ಹಾಕಿ, ಏರಿನಲ್ಲಿ ಎಳೆಸಿದರೆ ಜಾಯಿಂಟಿನ ಮೇಲೆ ಬೀಳುವ ಭಾರ ಅತಿ ಹೆಚ್ಚು. ನಮ್ಮ ತೋಟದ ರಸ್ತೆಗಳೆಲ್ಲ ಹಾಗೇ ಅಲ್ಲವೇ? ಏರು ಮತ್ತು ತಿರುವು ಒಟ್ಟಿಗೇ ಬರುತ್ತದೆ.

ಎರಡನೆಯದು ಕೆಂಪು ಮಣ್ಣು. ಮುರಕಲ್ಲಿನ ಹುಡಿ ಸೇರಿದ ಕೆಸರು ಹರಿದ ಬೂಟಿನ ಒಳಗೆ ಹೋದರೆ ಉಪ್ಪುಕಾಗದದಲ್ಲಿ ಉಜ್ಜಿದ ಹಾಗೆ ಜಾಯಿಂಟನ್ನು ತಿಂದುಹಾಕುತ್ತದೆ. ಗ್ರೀಸ್ ಹೊರಗೆ, ಕೆಸರು ಒಳಗೆ. ಮಳೆಗಾಲದಲ್ಲಿ ಅದು ಕೆಲವೇ ವಾರ ಬಾಳೀತು.

ಮೂರನೆಯದು ಹೆಚ್ಚಿನವರು ಗಮನಿಸದ ಸಂಗತಿ: ಕಾಂಕ್ರೀಟ್ ರಸ್ತೆ. ಈಗ ತೋಟದ ದಾರಿಯ ಕಡಿದಾದ ಜಾಗಕ್ಕೆಲ್ಲ ಕಾಂಕ್ರೀಟ್ ಹಾಕಿಸಿದ್ದೇವೆ. ಕೆಸರಿನಲ್ಲಿ ಫೋರ್ ವೀಲ್ ಹಾಕಿ ಬಂದವರು ಕಾಂಕ್ರೀಟ್ ಬಂದಾಗ ಅದನ್ನು ತೆಗೆಯುವುದೇ ಇಲ್ಲ. ನಮ್ಮ ಹೆಚ್ಚಿನ ಜೀಪುಗಳಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟುಗಳು ಒಂದೇ ವೇಗಕ್ಕೆ ಲಾಕ್ ಆಗುತ್ತವೆ. ಆದರೆ ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಲ್ಲಾದರೆ ಟಯರ್ ಜಾರಿ ಆ ವ್ಯತ್ಯಾಸವನ್ನು ಸರಿಮಾಡಿಕೊಳ್ಳುತ್ತದೆ. ಗಟ್ಟಿ ರಸ್ತೆಯಲ್ಲಿ ಟಯರ್ ಜಾರುವುದಿಲ್ಲ, ಶಾಫ್ಟುಗಳೇ ತಿರುಚಿಕೊಳ್ಳುತ್ತವೆ. ಸ್ಟೇರಿಂಗ್ ಬಿಗಿಯಾಗುವುದು, ಫೋರ್ ವೀಲ್ ಲಿವರ್ ವಾಪಸ್ ಬಾರದೆ ಹಟ ಮಾಡುವುದು ಇದೇ ಕಾರಣಕ್ಕೆ. ಹಾಗಾದರೆ ನೇರವಾಗಿ ಸ್ವಲ್ಪ ಹಿಂದೆ ತೆಗೆದುಕೊಳ್ಳಿ, ಲಿವರ್ ಬರುತ್ತದೆ.

ನಿಮ್ಮ ಗಾಡಿ ಯಾವ ಜಾತಿ?

ರಿಪೇರಿ ಗಾಡಿಯಿಂದ ಗಾಡಿಗೆ ಬೇರೆ. ಮೊದಲು ಅಡಿಗೆ ಬಗ್ಗಿ ನೋಡಿ.

ಹಳೆಯ ಮಹೀಂದ್ರ ಜೀಪುಗಳಲ್ಲಿ ಮುಂದೆಯೂ ಹಿಂದಿನ ಹಾಗೇ ಉದ್ದಕ್ಕೆ ಒಂದೇ ಗಟ್ಟಿ ಹೌಸಿಂಗ್, ಅದಕ್ಕೆ ಪ್ಲೇಟ್ ಸ್ಪ್ರಿಂಗ್. ಶಾಫ್ಟ್ ಆ ಹೌಸಿಂಗಿನ ಒಳಗೆ ಇರುತ್ತದೆ. ಚಕ್ರದ ಹತ್ತಿರ ಬಾಗುವುದಕ್ಕೆ ಹೆಚ್ಚಾಗಿ ಯು.ಜೆ. ಕ್ರಾಸ್ ಇರುತ್ತದೆ. ಒಂಟಿ ಕ್ರಾಸ್ ಬಾಗಿದ ಸ್ಥಿತಿಯಲ್ಲಿ ಸುತ್ತುವಾಗ ಒಂದು ಸುತ್ತಿಗೆ ಎರಡು ಸಲ ವೇಗ ಹೆಚ್ಚಿ, ಎರಡು ಸಲ ಕಡಿಮೆಯಾಗುತ್ತದೆ. ಪೂರ್ತಿ ತಿರುವಿನಲ್ಲಿ ಹಳೆ ಜೀಪಿನ ಸ್ಟೇರಿಂಗ್ ಕೈಯಲ್ಲಿ ಕುಲುಕುವುದು ಇದರಿಂದ.

ಜಿಪ್ಸಿಯಲ್ಲೂ ಗಟ್ಟಿ ಹೌಸಿಂಗೇ. ಆದರೆ ಒಳಗಿರುವುದು ಉಕ್ಕಿನ ಗುಂಡುಗಳ ಜಾಯಿಂಟ್, ಚಕ್ರದ ಹಿಂದಿನ ದುಂಡಗಿನ ಚಿಪ್ಪಿನೊಳಗೆ ಮುಚ್ಚಿಕೊಂಡಿರುತ್ತದೆ. ಹೊರಗೆ ಬೂಟ್ ಇಲ್ಲ. ಸೀಲ್ ಹೋದರೆ ಆ ಚಿಪ್ಪಿನ ಸುತ್ತ ಎಣ್ಣೆ ಬೆರೆತ ಗ್ರೀಸ್ ಇಳಿಯುತ್ತದೆ.

2010ರಲ್ಲಿ ಬಂದ ಥಾರ್‌ನ ಸಿ.ಆರ್.ಡಿ.ಇ. ಮಾದರಿ, 2020ರ ಹೊಸ ಥಾರ್ ಮುಂತಾದವುಗಳಲ್ಲಿ ಎರಡೂ ಮುಂದಿನ ಚಕ್ರಗಳು ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತವೆ. ನಡುವಿನ ಹೌಸಿಂಗಿನಿಂದ ಚಕ್ರಕ್ಕೆ ಬರುವ ಶಾಫ್ಟ್ ಕಣ್ಣಿಗೆ ಕಾಣುತ್ತದೆ, ಎರಡು ತುದಿಗೂ ಮಡಿಕೆ ಮಡಿಕೆಯ ರಬ್ಬರ್ ಬೂಟ್. ಒಳಗಿರುವುದು ಸಿ.ವಿ. ಜಾಯಿಂಟ್. ಎಷ್ಟು ಬಾಗಿದರೂ ಒಂದೇ ವೇಗದಲ್ಲಿ ಸುತ್ತುವ ಈ ಜಾಯಿಂಟಿನ ಮೂಲ ವಿನ್ಯಾಸ 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ಮಾಡಿದ್ದು. ಒಳ್ಳೆಯ ಜಾಯಿಂಟ್, ಆದರೆ ಅದರ ಪ್ರಾಣ ಇರುವುದು ಆ ಬೂಟಿನಲ್ಲಿ.

ಶಬ್ದ ಕೇಳಿಸಿಕೊಳ್ಳಿ

• ಪೂರ್ತಿ ತಿರುಗಿಸಿ ನಿಧಾನ ಹೋಗುವಾಗ ಟಕ ಟಕ ಟಕ: ಚಕ್ರದ ಬದಿಯ ಜಾಯಿಂಟ್ ಸವೆದಿದೆ.
• ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಒಂದೊಂದೇ 'ಟಕ್': ಒಳಬದಿಯ ಜಾಯಿಂಟ್ ಅಥವಾ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್.
• ವೇಗ ಹೆಚ್ಚಾದ ಹಾಗೆ ಅಡಿಯಿಂದ ನಡುಕ: ಪ್ರೊಪೆಲ್ಲರ್ ಶಾಫ್ಟ್ ಬಾಗಿರಬಹುದು, ಕ್ರಾಸ್ ಹೋಗಿರಬಹುದು.
• ಫೋರ್ ವೀಲ್ ಹಾಕಿದರೂ ಮುಂದೆ ಎಳೆಯುವುದೇ ಇಲ್ಲ, ಒಳಗೆ ಕರ ಕರ ಶಬ್ದ: ಶಾಫ್ಟೋ ಜಾಯಿಂಟೋ ತುಂಡಾಗಿದೆ.

ಇಲ್ಲೊಂದು ವಿಷಯ ಗೊತ್ತಿರಲಿ. ಸಾಮಾನ್ಯ ಡಿಫರೆನ್ಶಿಯಲ್ ಇರುವ ಗಾಡಿಯಲ್ಲಿ ಒಂದು ಬದಿಯ ಶಾಫ್ಟ್ ತುಂಡಾದರೆ ಇನ್ನೊಂದು ಬದಿಯ ಮುಂದಿನ ಚಕ್ರವೂ ಎಳೆಯುವುದಿಲ್ಲ. ಶಕ್ತಿಯೆಲ್ಲ ತುಂಡಾದ ಕಡೆಗೇ ಹೋಗಿ ಸುಮ್ಮನೆ ಸುತ್ತುತ್ತದೆ. 'ಮೂರು ಚಕ್ರ ಉಂಟಲ್ಲ, ಹತ್ತೀತು' ಅಂತ ಏರಿನಲ್ಲಿ ಹಟ ಮಾಡಬೇಡಿ.

ಗುಡ್ಡೆಯಲ್ಲೇ ಕೈಕೊಟ್ಟರೆ?

ಮೊದಲು ಬ್ರೇಕ್, ಹ್ಯಾಂಡ್ ಬ್ರೇಕ್, ಆಮೇಲೆ ಚಕ್ರದ ಕೆಳಗೆ ದೊಡ್ಡ ಕಲ್ಲು. ಹಿಂದೆ ಕೂತವರನ್ನು ಇಳಿಸಿ, ಲೋಡ್ ಇಳಿಸಿ. ಫೋರ್ ವೀಲ್ ತೆಗೆದು ನಿಧಾನಕ್ಕೆ ಇಳಿಯುವ ದಾರಿ ನೋಡಿ.

ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಮಾತ್ರ ಹೋಗಿದ್ದರೆ, ಎರಡು ತುದಿಯೂ ಫ್ಲ್ಯಾಂಜ್ ಬೋಲ್ಟಿನಲ್ಲಿ ಕೂತಿದ್ದರೆ, ಅದನ್ನು ಬಿಚ್ಚಿಟ್ಟು ಟೂ ವೀಲಿನಲ್ಲಿ ಮನೆಗೆ ಬರಬಹುದು. ಹಳೆ ಜೀಪುಗಳಲ್ಲಿ ಹೀಗೆ ಬಂದವರು ಎಷ್ಟೋ ಜನ.

ಆದರೆ ಬೂಟ್ ಇರುವ ಹೊಸ ಗಾಡಿಗಳಲ್ಲಿ ಚಕ್ರದ ಬದಿಯ ಶಾಫ್ಟ್ ಎಳೆದುಹಾಕಿ ಓಡಿಸುವ ಉಪಾಯ ಮಾಡಲೇಬೇಡಿ. ಅನೇಕ ಗಾಡಿಗಳಲ್ಲಿ ಶಾಫ್ಟಿನ ತುದಿ ಮತ್ತು ದೊಡ್ಡ ನಟ್ಟೇ ಚಕ್ರದ ಬೇರಿಂಗನ್ನು ಬಿಗಿಯಾಗಿ ಹಿಡಿದಿರುತ್ತವೆ. ಅದಿಲ್ಲದೆ ಓಡಿಸಿದರೆ ಬೇರಿಂಗ್ ಸಡಿಲವಾಗಿ ಚಕ್ರವೇ ಕಳಚಬಹುದು. ಅಂಥ ಗಾಡಿಯನ್ನು ಪಿಕಪ್ ಮೇಲೆ ಹಾಕಿ ತರುವುದೇ ಸರಿ.

ಬೂಟ್ ಇರುವ ಶಾಫ್ಟಿನ ರಿಪೇರಿ ಹೀಗೆ

ಕೈಗೆ ಸ್ಪ್ಯಾನರ್ ಹಿಡಿದು ಅಭ್ಯಾಸ ಇದ್ದವರು ಅಂಗಳದಲ್ಲೇ ಮಾಡಬಹುದು. ಅಭ್ಯಾಸ ಇಲ್ಲದವರು ಗ್ಯಾರೇಜಿನಲ್ಲಿ ಪಕ್ಕ ನಿಂತು ನೋಡಿದರೂ ಲಾಭ. ಏನು ಕೇಳಬೇಕು ಅಂತ ಗೊತ್ತಿರುತ್ತದೆ.

1. ಗಟ್ಟಿ, ಸಮತಟ್ಟು ಜಾಗ ಬೇಕು. ಹಸಿ ಮಣ್ಣಿನ ಮೇಲೆ ಜಾಕ್ ಇಡಬೇಡಿ, ಅಡಿಗೆ ದಪ್ಪ ಹಲಗೆ ಕೊಡಿ. ಬರೀ ಜಾಕ್ ನಂಬಿ ಗಾಡಿಯ ಅಡಿಗೆ ಹೋಗಬಾರದು, ಸ್ಟ್ಯಾಂಡ್ ಬೇಕೇ ಬೇಕು.

2. ಹಬ್ಬಿನ ದೊಡ್ಡ ನಟ್ ಭಾರಿ ಬಿಗಿ ಇರುತ್ತದೆ. ಚಕ್ರ ನೆಲದಲ್ಲಿರುವಾಗಲೇ, ಒಬ್ಬರು ಬ್ರೇಕ್ ಒತ್ತಿ ಹಿಡಿದು ಸಡಿಲಿಸಿ.

3. ಚಕ್ರ ತೆಗೆದ ಮೇಲೆ ಬಿಚ್ಚುವ ಪ್ರತಿ ಹಂತದಲ್ಲೂ ಮೊಬೈಲಲ್ಲಿ ಫೋಟೋ ತೆಗೆಯಿರಿ. ಬ್ರೇಕ್ ಕ್ಯಾಲಿಪರನ್ನು ಪೈಪಿನಲ್ಲಿ ನೇತಾಡಲು ಬಿಡಬೇಡಿ, ಸರಿಗೆಯಲ್ಲಿ ಕಟ್ಟಿ. ಎ.ಬಿ.ಎಸ್. ವಯರ್ ಇದ್ದರೆ ಮೊದಲೇ ತಪ್ಪಿಸಿ.

4. ಸಸ್ಪೆನ್ಶನ್ ಆರ್ಮ್ ಬಿಚ್ಚುವ ಮೊದಲು ಅದರ ಕೆಳಗೆ ಇನ್ನೊಂದು ಜಾಕ್ ಇಡಿ. ಸ್ಪ್ರಿಂಗ್ ಅಥವಾ ಟಾರ್ಷನ್ ಬಾರಿನ ಒತ್ತಡ ಅದರ ಮೇಲಿರುತ್ತದೆ, ಒಮ್ಮೆಲೇ ಬಿಟ್ಟರೆ ಕೈ ಮುರಿದೀತು.

5. ಶಾಫ್ಟನ್ನು ಹೊರತುದಿ ಹಿಡಿದು ಜಗ್ಗಬೇಡಿ, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಒಳತುದಿಯನ್ನೇ ಬೋಲ್ಟ್ ಬಿಚ್ಚಿ ಅಥವಾ ಲಿವರ್ ಕೊಟ್ಟು ತಪ್ಪಿಸಿ. ಹೌಸಿಂಗಿನ ಎಣ್ಣೆ ಬಂದೀತು, ಅಡಿಗೆ ಪಾತ್ರೆ ಇಡಿ. ಎಣ್ಣೆ ಒಸರುತ್ತಿದ್ದರೆ ಆ ಆಯಿಲ್ ಸೀಲನ್ನೂ ಈಗಲೇ ಹೊಸದು ಹಾಕಿಸಿ.

6. ಜಾಯಿಂಟನ್ನು ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಿ. ಡೀಸೆಲ್ ಉಳಿದರೆ ಹೊಸ ಗ್ರೀಸ್ ತೆಳುವಾಗುತ್ತದೆ. ಈಗ ಗುಂಡು, ಗುಂಡು ಕೂರುವ ಗೂಡು, ಗುಂಡು ಓಡುವ ಚಡಿ ಮೂರನ್ನೂ ಬೆಳಕಿನಲ್ಲಿ ನೋಡಿ. ಹೊಳಪು ಇದ್ದು ನುಣ್ಣಗಿದ್ದರೆ ಜಾಯಿಂಟ್ ಬದುಕಿದೆ, ಬೂಟ್ ಮಾತ್ರ ಸಾಕು. ಚಡಿಯಲ್ಲಿ ಉಗುರಿಗೆ ಸಿಗುವ ಗುಳಿ, ಗೂಡಿನಲ್ಲಿ ಬಿರುಕು ಕಂಡರೆ ಹೊಸ ಜಾಯಿಂಟೇ ಗತಿ. ಹಾಳಾದ ಜಾಯಿಂಟಿಗೆ ಹೊಸ ಬೂಟ್ ಹಾಕಿದರೆ ಹಣ ದಂಡ.

7. ಗ್ರೀಸ್ ಯಾವುದೋ ಒಂದು ಆಗುವುದಿಲ್ಲ. ಸಿ.ವಿ. ಜಾಯಿಂಟಿಗೆಂದೇ ಬರುವ ಮಾಲಿಬ್ಡಿನಮ್ ಬೆರೆತ ಕಪ್ಪು ಗ್ರೀಸ್ ಬೇಕು. ಕಿಟ್ಟಿನಲ್ಲಿ ಕೊಟ್ಟಷ್ಟನ್ನೂ ಹಾಕಿ, ಗುಂಡುಗಳ ನಡುವೆ ತುಂಬಿಸಿ, ಉಳಿದದ್ದು ಬೂಟಿನೊಳಗೆ.

8. ಬೂಟಿನ ಒಳಗೆ ಸಿಕ್ಕಿಕೊಂಡ ಗಾಳಿ ಬಿಟ್ಟು, ತಿರುಚದ ಹಾಗೆ ಕೂರಿಸಿ, ಸರಿಯಾದ ಕ್ಲ್ಯಾಂಪ್ ಹಾಕಿ. ಕಟ್ಟುವ ಸರಿಗೆ ಅಥವಾ ಪ್ಲಾಸ್ಟಿಕ್ ಟೈ ಮನೆ ಮುಟ್ಟುವ ತನಕ ಮಾತ್ರ.

9. ಹಬ್ ನಟ್ ಹೊಸದೇ ಹಾಕಿ. ಎಷ್ಟು ಬಿಗಿ ಮಾಡಬೇಕು ಎಂಬುದು ಆ ಗಾಡಿಯ ಸರ್ವೀಸ್ ಪುಸ್ತಕದಲ್ಲಿದೆ, ಟಾರ್ಕ್ ವ್ರೆಂಚಿನಲ್ಲೇ ಬಿಗಿ ಮಾಡಿಸಿ. ಕೊನೆಗೆ ಹೌಸಿಂಗಿನ ಎಣ್ಣೆ ಮಟ್ಟ ನೋಡಿ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ ಬೂಟ್ ಒಮ್ಮೆ ಮತ್ತೆ ನೋಡಿ.

ಹಳೆ ಜೀಪಿನ ಕ್ರಾಸ್ ಬದಲಿಸುವಾಗ

ಪ್ರೊಪೆಲ್ಲರ್ ಶಾಫ್ಟ್ ಬಿಚ್ಚುವ ಮೊದಲು ಎಲ್ಲ ಜೋಡಣೆಗೂ ಪೈಂಟಿನಲ್ಲಿ ಗುರುತು ಹಾಕಿ. ಉದ್ದ ಹೆಚ್ಚು ಕಡಿಮೆ ಆಗುವ ಸ್ಪ್ಲೈನ್ ಜಾಗಕ್ಕಂತೂ ತಪ್ಪದೆ ಹಾಕಬೇಕು. ಎರಡು ತುದಿಯ ಕವಲುಗಳು ಮೊದಲಿನ ಸಾಲಿನಲ್ಲೇ ಕೂರದಿದ್ದರೆ ಹೊಸ ಕ್ರಾಸ್ ಹಾಕಿಯೂ ಗಾಡಿ ನಡುಗುತ್ತದೆ.

ಕ್ರಾಸಿನ ನಾಲ್ಕು ಟೋಪಿಯ ಒಳಗೆ ಸೂಜಿಯಂಥ ಸಣ್ಣ ರೋಲರುಗಳಿವೆ. ಕೂರಿಸುವಾಗ ಒಂದು ಸೂಜಿ ಅಡ್ಡ ಬಿದ್ದರೂ ಟೋಪಿ ಪೂರ್ತಿ ಒಳಗೆ ಹೋಗುವುದಿಲ್ಲ, ಸರ್ಕ್ಲಿಪ್ ಕೂರುವುದಿಲ್ಲ. ಆಗ ಸುತ್ತಿಗೆಯಲ್ಲಿ ಬಡಿಯಬೇಡಿ, ತೆಗೆದು ಪುನಃ ಕೂರಿಸಿ. ಹಳೆ ಕ್ರಾಸಿನ ಕಾಲುಗಳಲ್ಲಿ ಸೂಜಿಯ ಗೆರೆ ಮೂಡಿದ್ದರೆ ಅದು ಗ್ರೀಸ್ ಇಲ್ಲದೆ ಓಡಿದ್ದು ಅಂತ ಅರ್ಥ. ಹೊಸದಕ್ಕೆ ಗ್ರೀಸ್ ನಿಪ್ಪಲ್ ಇದ್ದರೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯಿರಿ.

ವೆಲ್ಡಿಂಗ್ ಬೇಡ ಮಾರಾಯ್ರೆ

ತುಂಡಾದ ಶಾಫ್ಟಿಗೆ ವೆಲ್ಡಿಂಗ್ ಮಾಡಿಸಿದರೆ ಖರ್ಚು ಕಡಿಮೆ ನಿಜ. ಆದರೆ ಈ ಶಾಫ್ಟುಗಳ ಉಕ್ಕನ್ನು ಕಾಯಿಸಿ ಹದ ಮಾಡಿರುತ್ತಾರೆ. ವೆಲ್ಡಿಂಗಿನ ಬಿಸಿಗೆ ಆ ಹದ ಹೋಗಿ, ಬೆಸುಗೆಯ ಪಕ್ಕದಲ್ಲೇ ಮತ್ತೆ ತುಂಡಾಗುತ್ತದೆ. ಅದೂ ಏರಿನಲ್ಲಿ, ಲೋಡ್ ಇರುವಾಗ. ಸ್ಪ್ಲೈನಿನ ಹಲ್ಲುಗಳು ನೇರ ಇಲ್ಲದೆ ತಿರುಚಿಕೊಂಡಿದ್ದರೆ ಆ ಶಾಫ್ಟ್ ತುಂಡಾಗದಿದ್ದರೂ ಮುಗಿದ ಹಾಗೆ.

ಸಾಮಾನು ತರಲು ಹೋಗುವಾಗ ಗಾಡಿಯ ಹೆಸರು ಮಾತ್ರ ಹೇಳಿದರೆ ಸಾಲದು. ಚಾಸಿ ನಂಬರ್, ಹಳೆಯ ಶಾಫ್ಟ್ ಮತ್ತು ಅದರ ಹಲ್ಲುಗಳ ಫೋಟೋ ಅಂಗಡಿಗೆ ಮೊದಲೇ ಕಳಿಸಿ. ಎಡ ಬಲ ಶಾಫ್ಟಿನ ಉದ್ದ ಬೇರೆ ಬೇರೆ ಇರಬಹುದು. ಬಿ.ಸಿ. ರೋಡಿಗೋ ಮಂಗಳೂರಿಗೋ ಎರಡೆರಡು ಸಲ ಓಡುವುದು ತಪ್ಪುತ್ತದೆ. ಗುಜರಿಯಿಂದ ಶಾಫ್ಟ್ ತರುವುದಾದರೆ ಬೂಟ್ ಬಿಚ್ಚಿ ಚಡಿ ನೋಡದೆ ಹಣ ಕೊಡಬೇಡಿ.

ತಿಂಗಳಿಗೆ ಐದು ನಿಮಿಷ

ಮೇ ತಿಂಗಳಲ್ಲಿ ಮೊದಲ ಸಲದ ಮದ್ದಿಗೆ ತಯಾರಿ ಮಾಡುವಾಗ ಗಾಡಿಯನ್ನೂ ಆ ಪಟ್ಟಿಗೆ ಸೇರಿಸಿ. ಸ್ಟೇರಿಂಗ್ ಒಂದು ಬದಿಗೆ ಪೂರ್ತಿ ತಿರುಗಿಸಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊಬೈಲ್ ಟಾರ್ಚ್ ಹಿಡಿದು ಬೂಟಿನ ಮಡಿಕೆಗಳ ನಡುವೆ ನೋಡಿ. ಆಮೇಲೆ ಇನ್ನೊಂದು ಬದಿ. ಬಿರುಕು ಇದೆಯೇ, ರಿಮ್ಮಿನ ಒಳಬದಿಗೆ ಗ್ರೀಸ್ ರಟ್ಟಿದೆಯೇ? ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ಹಿಡಿದು ತಿರುಚಿ, ಕ್ರಾಸಿನಲ್ಲಿ ಆಟ ಇದೆಯೇ? ಮಳೆಗಾಲ ಮುಗಿಯುವ ತನಕ ತಿಂಗಳಿಗೊಮ್ಮೆ ಹೀಗೆ ಮಾಡಿ. ಗಾಡಿ ತೊಳೆಯುವಾಗ ಬೂಟಿಗೆ ಅಂಟಿದ ಕೆಸರನ್ನೂ ತೆಗೆಯಿರಿ, ಆದರೆ ಪ್ರೆಶರ್ ಪಂಪನ್ನು ಹತ್ತಿರ ಹಿಡಿದು ಕ್ಲ್ಯಾಂಪಿಗೇ ಹೊಡೆಯಬೇಡಿ.

ಗುಡ್ಡೆ ಮೇಲಿನ ಮನೆಗಳಿಗೆ ಈ ಗಾಡಿ ಬರೀ ಗೊಬ್ಬರ ಹೊರುವುದಕ್ಕಲ್ಲ. ಶಾಲೆಗೆ ಹೋಗುವ ಮಕ್ಕಳು, ಆಸ್ಪತ್ರೆಗೆ ಹೋಗಬೇಕಾದ ಅಜ್ಜಿ ಎಲ್ಲರಿಗೂ ಅದೇ ದಾರಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಜರಿದಾಗ ನಮ್ಮ ಕಡೆಯ ಮಳೆ ಏನು ಮಾಡಬಲ್ಲದು ಅಂತ ಎಲ್ಲರೂ ನೋಡಿದ್ದೇವೆ. ಅಂಥ ದಿನ ಗಾಡಿ ಬೇಕು ಅಂದಾಗ ಅದು ಓಡಬೇಕು.

ನಾನಂತೂ ಈಗ ಗ್ರೀಸ್ ಕಂಡರೆ ಬಟ್ಟೆಯಲ್ಲಿ ಒರೆಸುವುದಿಲ್ಲ. ಅಡಿಗೆ ನುಗ್ಗಿ ಎಲ್ಲಿಂದ ಬಂತು ಅಂತ ನೋಡುತ್ತೇನೆ. ನೀವೂ ಇವತ್ತು ಸಂಜೆ ಒಮ್ಮೆ ನೋಡಿ.