ಭೇರಿ ರೈತರಿಂದ ನಮಗೊಂದು ಪಾಠ

ಹೋಟೆಲ್ ಬಾಂಧವರೇ, ಕೋಲ್ಕತ್ತಾದ ಪೂರ್ವಕ್ಕೆ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶವಿದೆ. 2002ರಲ್ಲಿ ಅದಕ್ಕೆ ರಾಮ್ಸರ್ ತಾಣವೆಂಬ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಇಲ್ಲಿನ ರೈತರು ತಲೆಮಾರುಗಳಿಂದ ನಗರದ ಕೊಳಚೆ ನೀರನ್ನು 'ಭೇರಿ' ಎಂಬ ಆಳವಿಲ್ಲದ ಕೆರೆಗಳಿಗೆ ಹರಿಸಿ ಮೀನು ಸಾಕುತ್ತಾರೆ. ಬಿಸಿಲಿಗೆ ಪಾಚಿ ಬೆಳೆಯುತ್ತದೆ, ನೀರು ಶುದ್ಧವಾಗುತ್ತಾ ಬರುತ್ತದೆ, ಪಾಚಿಯೇ ಮೀನಿಗೆ ಆಹಾರ. ಹೊರಬಿಟ್ಟ ನೀರು ಭತ್ತದ ಗದ್ದೆಗೆ ಹೋಗುತ್ತದೆ.

ಇದರ ಗುಟ್ಟು ಅಳತೆಯಲ್ಲಿದೆ. ಕೊಳಚೆಯನ್ನು ಒಮ್ಮೆಲೇ ಬಿಟ್ಟರೆ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಅದಕ್ಕೇ ನೀರಿನ ಬಣ್ಣ, ವಾಸನೆ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಬಿಡುತ್ತಾರೆ.

ಇಲ್ಲಿನ ನಮ್ಮ ಹೋಟೆಲಿನಲ್ಲಿ ಹಿಂದೆ ಮಧ್ಯಾಹ್ನದ ಅನ್ನ, ಸಾಂಬಾರು ಎಲ್ಲವನ್ನೂ ಹನ್ನೊಂದು ಗಂಟೆಗೇ ಮಾಡಿಡುತ್ತಿದ್ದೆವು. ಜೋರು ಮಳೆ ಬಂದರೆ, ಬಂದ್ ಆದರೆ ಅರ್ಧಕ್ಕರ್ಧ ಕಸದ ಪಾಲು. ಈಗ ಮೂರು ಸಲ ಮಾಡುತ್ತೇವೆ. ಎರಡನೇ ಸಲ ಅಕ್ಕಿ ಹಾಕುವ ಮೊದಲು ಕೌಂಟರಿನಲ್ಲಿ ಎಷ್ಟು ಊಟದ ಟೋಕನ್ ಹೋಗಿದೆ ಎಂದು ಕೇಳುತ್ತೇವೆ. ರಾತ್ರಿ ಉಳಿದದ್ದನ್ನು ತೂಗಿ ಬರೆದಿಡುತ್ತೇವೆ. ಗ್ಯಾಸ್ ಸ್ವಲ್ಪ ಜಾಸ್ತಿ ಆಗುತ್ತದೆ, ಅಡುಗೆಯವರು ಮೊದಮೊದಲು ಗೊಣಗಿದ್ದೂ ನಿಜ. ಆದರೆ ಎಸೆಯುವುದು ಬಹಳ ಕಡಿಮೆಯಾಗಿದೆ, ಕೊನೆಗೆ ಬಂದ ಗಿರಾಕಿಗೂ ಬಿಸಿ ಅನ್ನ ಸಿಗುತ್ತದೆ.

ನೀವೂ ಒಂದು ವಾರ ಕಸದ ಡ್ರಮ್ ತೂಗಿ ನೋಡಿ. ಲಾಭ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ.