ಸೆರೆಮನೆಯಿಂದ ಬಂದ ಆನಂದದ ಓಲೆ

(ಆಗಮನ ಕಾಲದ ಮೂರನೆಯ ಭಾನುವಾರದ ಚಿಂತನೆ)



ಆಗಮನ ಕಾಲದ ಮೂರನೆಯ ಭಾನುವಾರ ಬಲಿಪೂಜೆಗೆ ಬರುವವರಿಗೆ ಪೀಠದ ಬಳಿ ಒಂದು ಬದಲಾವಣೆ ಕಾಣುತ್ತದೆ. ಎರಡು ವಾರ ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಿದ್ದ ಗುರುಗಳು ಅಂದು ಗುಲಾಬಿ ಬಣ್ಣದ ವಸ್ತ್ರ ತೊಟ್ಟು ಬರುತ್ತಾರೆ. ಹಸಿರೆಲೆಗಳ ಆಗಮನ ಮಾಲೆಯಲ್ಲಿ ಮೂರು ನೇರಳೆ ಮೇಣದಬತ್ತಿಗಳ ಜೊತೆಯಲ್ಲಿರುವ ಒಂದೇ ಒಂದು ಗುಲಾಬಿ ಬತ್ತಿಯನ್ನು ಅಂದು ಹೊತ್ತಿಸುತ್ತೇವೆ. ವರ್ಷದಲ್ಲಿ ಈ ಬಣ್ಣಕ್ಕೆ ಎರಡೇ ದಿನ. ಇದೊಂದು, ತಪಸ್ಸು ಕಾಲದ ನಾಲ್ಕನೆಯ ಭಾನುವಾರ ಇನ್ನೊಂದು. (ಎಷ್ಟೋ ಚಿಕ್ಕ ದೇವಾಲಯಗಳಲ್ಲಿ ಗುಲಾಬಿ ವಸ್ತ್ರವೇ ಇರುವುದಿಲ್ಲ, ನೇರಳೆಯಲ್ಲೇ ಪೂಜೆ ನಡೆಯುತ್ತದೆ. ಅದರಿಂದ ಹಬ್ಬಕ್ಕೆ ಕೊರತೆಯೇನೂ ಇಲ್ಲ.) ಲತೀನ್ ಭಾಷೆಯಲ್ಲಿ ಈ ದಿನಕ್ಕೆ ‘ಗೌದೇತೆ’ ಭಾನುವಾರ ಎಂದು ಹೆಸರು. ಅಂದಿನ ಪ್ರವೇಶ ಗೀತೆಯ ಮೊದಲ ಪದ ಅದು. ಅದರ ಅರ್ಥ, ಆನಂದಿಸಿರಿ.

ಗಮನಿಸಿ, ಅದು ಅಪ್ಪಣೆ. ಆನಂದವಾಗಲಿ ಎಂಬ ಹಾರೈಕೆಯಲ್ಲ, ಆನಂದಿಸಿದರೆ ಒಳ್ಳೆಯದು ಎಂಬ ಸಲಹೆಯೂ ಅಲ್ಲ. ನಮ್ಮಲ್ಲಿ ಅನೇಕರಿಗೆ ಇದು ವಿಚಿತ್ರವೆನಿಸುತ್ತದೆ. ಮಗಳ ಮದುವೆಯ ಸಾಲ ತೀರಿಲ್ಲ, ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಕೆಲಸ ಸಿಗದ ಮಗ. ಇಂಥವರಿಗೆ ‘ಆನಂದಿಸು’ ಎಂದು ಅಪ್ಪಣೆ ಕೊಟ್ಟರೆ ಆನಂದ ಬರುತ್ತದೆಯೇ? ನ್ಯಾಯವಾದ ಪ್ರಶ್ನೆ. ಉತ್ತರಕ್ಕಾಗಿ ಈ ಅಪ್ಪಣೆಯನ್ನು ಬರೆದವರು ಯಾರು, ಎಲ್ಲಿ ಕುಳಿತು ಬರೆದರು, ಯಾರಿಗೆ ಬರೆದರು ಎಂದು ನೋಡಬೇಕು.

ಬರೆದವರು ಸಂತ ಪೌಲರು. ಆಗ ಅವರು ಸೆರೆಯಲ್ಲಿದ್ದರು. ಆ ಸೆರೆಮನೆ ರೋಮ್ ನಗರದ್ದು ಎಂಬುದು ಸಂಪ್ರದಾಯ. ಎಫೆಸವಿರಬಹುದು ಎನ್ನುವ ಪಂಡಿತರೂ ಇದ್ದಾರೆ. ನಾಳೆ ಬದುಕೋ ಸಾವೋ ಎಂಬುದು ತಿಳಿಯದ ಸ್ಥಿತಿಯಲ್ಲಿ ಫಿಲಿಪ್ಪಿ ಊರಿನ ಭಕ್ತರಿಗೆ ಬರೆದ ಈ ಓಲೆಯಲ್ಲಿ ನಾಲ್ಕೇ ಅಧ್ಯಾಯಗಳು. ಅಷ್ಟರಲ್ಲಿ ಆನಂದ, ಆನಂದಿಸು ಎಂಬ ಮಾತು ಸುಮಾರು 16 ಸಲ ಬರುತ್ತದೆ. ಫಿಲಿಪ್ಪಿ ಮಕೆದೋನಿಯ ಪ್ರಾಂತ್ಯದಲ್ಲಿದ್ದ ರೋಮನ್ನರ ವಸಾಹತು. ಇಂದು ಅದು ಗ್ರೀಸ್ ದೇಶದಲ್ಲಿದೆ. 2016ರಲ್ಲಿ ಅಲ್ಲಿನ ಅವಶೇಷಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪೌಲರ ಮಾತಿಗೆ ಆ ಊರಲ್ಲಿ ಮೊದಲು ಹೃದಯ ತೆರೆದವಳು ಲುದಿಯ ಎಂಬ ಹೆಣ್ಣುಮಗಳು. ಅವಳು ನೇರಳೆ ಬಟ್ಟೆಯ ವ್ಯಾಪಾರಿ ಎಂಬುದನ್ನು ಆಗಮನ ಕಾಲದಲ್ಲಿ ನೆನೆದರೆ ನಮಗೆ ಒಂದು ಬಗೆಯ ಸಂತೋಷ.

ಫಿಲಿಪ್ಪಿಯವರಿಗೆ ಪೌಲರ ಸೆರೆವಾಸ ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ಓದಿ. ಅವರದೇ ಊರಿನಲ್ಲಿ ಪೌಲ ಮತ್ತು ಸೀಲರ ಬಟ್ಟೆ ಹರಿದು, ಛಡಿಗಳಿಂದ ಹೊಡೆದು, ಒಳಗಿನ ಕೋಣೆಗೆ ತಳ್ಳಿ ಕಾಲಿಗೆ ಕೋಳ ಹಾಕಿದ್ದರು. ನಡುರಾತ್ರಿ ಅವರಿಬ್ಬರೂ ಪ್ರಾರ್ಥಿಸುತ್ತಾ ಹಾಡುತ್ತಿದ್ದರು; ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು. ಆಮೇಲೆ ಭೂಕಂಪ, ತೆರೆದುಕೊಂಡ ಬಾಗಿಲುಗಳು. ಕೈದಿಗಳು ಓಡಿಹೋದರೆಂದು ತಿಳಿದು ಸೆರೆಮನೆಯ ಅಧಿಕಾರಿ ಕತ್ತಿ ಹಿರಿದು ಪ್ರಾಣ ಕಳೆದುಕೊಳ್ಳಲು ಹೊರಟ. ನಾವೆಲ್ಲರೂ ಇಲ್ಲೇ ಇದ್ದೇವೆ ಎಂದು ಪೌಲರು ಕೂಗಿ ತಡೆದರು. ಅವನು ನಡುಗುತ್ತಾ ಬಂದು, ಉದ್ಧಾರವಾಗಲು ತಾನೇನು ಮಾಡಬೇಕೆಂದು ಕೇಳಿದ.

ಮುಂದಿನದನ್ನು ನಿಧಾನವಾಗಿ ಓದಬೇಕು. ಪ್ರಭು ಯೇಸುವನ್ನು ವಿಶ್ವಾಸಿಸುವಂತೆ ಹೇಳಿ, ಅವನಿಗೂ ಅವನ ಮನೆಯವರಿಗೂ ದೇವರ ವಾಕ್ಯವನ್ನು ಬೋಧಿಸಿದರು. ಆ ರಾತ್ರಿಯ ಅದೇ ಗಳಿಗೆಯಲ್ಲಿ ಅವನು ಅವರನ್ನು ಕರೆದೊಯ್ದು ಅವರ ಗಾಯಗಳನ್ನು ತೊಳೆದ. ಜ್ಞಾನಸ್ನಾನ ಅದಾದ ಮೇಲೆ. ಮನೆಗೆ ಕರೆತಂದು ಊಟ ಬಡಿಸಿದ. ಮನೆಮಂದಿಯೆಲ್ಲ ಆನಂದಪಟ್ಟರು ಎಂಬ ಮಾತು ಬರುವುದು ಎಲ್ಲಕ್ಕಿಂತ ಕೊನೆಗೆ, 34ನೆಯ ವಚನದಲ್ಲಿ. ಸಾಯಂಕಾಲ ಕೋಳ ಹಾಕಿದ ಕೈಗಳೇ ರಾತ್ರಿ ಗಾಯ ತೊಳೆದವು. ಮನಸ್ಸು ಹಗುರಾದ ಮೇಲೆ ನೋಡೋಣ ಎಂದು ಅವನು ಕಾಯಲಿಲ್ಲ. ವಿಶ್ವಾಸಿಸಿದ, ಎದುರಿಗಿದ್ದ ಕೆಲಸವನ್ನು ಮಾಡಿದ, ಆನಂದ ಹಿಂದಿನಿಂದ ಬಂದು ಸೇರಿಕೊಂಡಿತು.

ಯೇಸುಸ್ವಾಮಿ ಕೊನೆಯ ಭೋಜನದ ರಾತ್ರಿ ಕಲಿಸಿದ್ದೂ ಇದೇ ಕ್ರಮ. ತಮ್ಮ ಆಜ್ಞೆಗಳನ್ನು ಪಾಲಿಸಿದರೆ ತಮ್ಮ ಪ್ರೀತಿಯಲ್ಲಿ ನೆಲೆಸುವಿರಿ ಎಂದು ಹೇಳಿದ ಮರುಕ್ಷಣವೇ, ಶಿಷ್ಯರ ಆನಂದ ತುಂಬಿ ತುಳುಕಲೆಂದೇ ಇದನ್ನು ಹೇಳುತ್ತಿರುವುದಾಗಿ ತಿಳಿಸುತ್ತಾರೆ (ಯೊವಾನ್ನ 15:10-11). ವಿಧೇಯತೆ ಎಂದರೆ ಆನಂದಕ್ಕೆ ಹಾಕಿದ ಬೇಲಿ ಎಂದು ನಮ್ಮ ಯುವಜನರು ಭಾವಿಸುತ್ತಾರೆ, ಹಿರಿಯರೂ ಒಳಗೊಳಗೇ ಹಾಗೇ ಭಾವಿಸುತ್ತಾರೆ. ಸ್ವಾಮಿಯ ಮಾತಿನಲ್ಲಿ ಅದು ಆನಂದದ ಮನೆಗೆ ಹೋಗುವ ಬಾಗಿಲು. 1975ರ ಪವಿತ್ರ ವರ್ಷದಲ್ಲಿ ಪೋಪ್ ಆರನೆಯ ಪೌಲ್ ಕ್ರೈಸ್ತ ಆನಂದದ ಬಗ್ಗೆಯೇ ಒಂದು ಪ್ರೇಷಿತ ಪ್ರಬೋಧನೆ ಬರೆದರು. ಇಂದಿನ ಸಮಾಜ ಸುಖದ ಸಂದರ್ಭಗಳನ್ನು ಹೆಚ್ಚಿಸಬಲ್ಲದು, ಆದರೆ ಆನಂದವನ್ನು ಹುಟ್ಟಿಸಲು ತಿಣುಕುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಡಿಸೆಂಬರ್ ತಿಂಗಳ ಅಂಗಡಿ ಬೀದಿಗಳಲ್ಲಿ ನಡೆದು ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಾಗಾದರೆ ಯಾವ ಆಜ್ಞೆ? ಬಹಳ ದೊಡ್ಡದೇನೂ ಅಲ್ಲ. ಮೂರು ವರ್ಷಗಳ ವಾಚನ ಚಕ್ರದ ‘ಸಿ’ ವರ್ಷದಲ್ಲಿ ಈ ಭಾನುವಾರದ ಶುಭಸಂದೇಶ ಸಂತ ಲೂಕನದು (3:10-18). ಜನರು ಸ್ನಾನಿಕ ಯೊವಾನ್ನರ ಬಳಿ ಬಂದು, ಸೆರೆಮನೆಯ ಅಧಿಕಾರಿ ಮುಂದೆ ಕೇಳಲಿದ್ದ ಅದೇ ಪ್ರಶ್ನೆಯನ್ನು ಕೇಳುತ್ತಾರೆ: ನಾವೇನು ಮಾಡಬೇಕು? ಎರಡು ಅಂಗಿಯಿದ್ದರೆ ಇಲ್ಲದವನಿಗೆ ಒಂದು ಕೊಡು. ಸುಂಕದವರು ನಿಗದಿಗಿಂತ ಹೆಚ್ಚು ವಸೂಲಿ ಮಾಡಬಾರದು. ಸೈನಿಕರು ಜನರನ್ನು ಹೆದರಿಸಿ ಹಣ ಕೀಳದೆ ಸಂಬಳದಲ್ಲಿ ತೃಪ್ತರಾಗಿರಬೇಕು. ಸುಂಕದ ಕಟ್ಟೆ ಬಿಟ್ಟು ಮರುಭೂಮಿಗೆ ಬನ್ನಿ ಎಂದು ಯೊವಾನ್ನರು ಯಾರಿಗೂ ಹೇಳಲಿಲ್ಲ. ತಕ್ಕಡಿ ಹಿಡಿಯುವವನು ತಕ್ಕಡಿಯಲ್ಲಿ, ಕಡತ ನೋಡುವವನು ಕಡತದಲ್ಲಿ, ಆಟೋ ಓಡಿಸುವವನು ಮೀಟರಿನಲ್ಲಿ ದೇವರಿಗೆ ವಿಧೇಯನಾಗಬೇಕು. ಫಿಲಿಪ್ಪಿಯವರಿಗೆ ಪೌಲರು ಹೇಳಿದ ಇನ್ನೊಂದು ಮಾತು ಇದಕ್ಕಿಂತಲೂ ಸಣ್ಣದು, ಆದರೆ ಪಾಲಿಸಲು ಕಷ್ಟ: ಎಲ್ಲವನ್ನೂ ಗೊಣಗದೆ ಮಾಡಿ (2:14). ಅಡುಗೆಮನೆಯಿಂದ ಹಿಡಿದು ನಮ್ಮ ಗುರುನಿವಾಸದವರೆಗೆ ಇದು ಎಲ್ಲರಿಗೂ ಸೇರಿದ್ದು.

ಈಗ ‘ಸದಾ ಆನಂದಿಸಿರಿ’ ಎಂಬ ಅಪ್ಪಣೆಗೆ ಮರಳಿ ಬರೋಣ. ಅದು ಓಲೆಯ ನಾಲ್ಕನೆಯ ಅಧ್ಯಾಯದ 4ನೆಯ ವಚನ. ದೇವಾಲಯದಲ್ಲಿ ವಾಚನ ಅಲ್ಲಿಂದಲೇ ಆರಂಭವಾಗುವುದರಿಂದ ಅದರ ಹಿಂದಿನ ಎರಡು ವಚನಗಳು ನಮ್ಮ ಕಿವಿಗೆ ಬೀಳುವುದಿಲ್ಲ. ಅಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರುಗಳಿವೆ: ಯುವೊದ್ಯ, ಸಂತುಕೆ. ಇಬ್ಬರೂ ಶುಭಸಂದೇಶದ ಕೆಲಸದಲ್ಲಿ ಪೌಲರೊಂದಿಗೆ ಹೆಗಲು ಕೊಟ್ಟು ದುಡಿದವರು. ಈಗ ಅವರಿಬ್ಬರ ಮನಸ್ಸು ಒಡೆದಿದೆ. ಕಾರಣವನ್ನು ಪೌಲರು ಬರೆಯಲಿಲ್ಲ, ಯಾರದು ತಪ್ಪು ಎಂದೂ ತೀರ್ಪು ಕೊಡಲಿಲ್ಲ. ಒಬ್ಬೊಬ್ಬಳನ್ನೂ ಬೇರೆ ಬೇರೆಯಾಗಿ ಬೇಡಿಕೊಳ್ಳುತ್ತಾರೆ, ಪ್ರಭುವಿನಲ್ಲಿ ಒಂದಾಗಿರಿ ಎಂದು. ಅದರ ಬೆನ್ನಿಗೇ ಆನಂದಿಸಿರಿ ಎನ್ನುತ್ತಾರೆ. ಸಭೆಯ ಮುಂದೆ ಈ ಓಲೆ ಓದಿದಾಗ ಆ ಇಬ್ಬರೂ ಅಲ್ಲೇ ಕುಳಿತಿದ್ದರೆ ಅವರ ಮುಖ ಹೇಗಾಗಿರಬೇಡ!

ನಮ್ಮ ಧರ್ಮಕೇಂದ್ರಗಳಲ್ಲೂ ಯುವೊದ್ಯ, ಸಂತುಕೆಯರು ಇದ್ದಾರೆ, ಗಂಡಸರಲ್ಲಿ ಇನ್ನೂ ಹೆಚ್ಚು. ಗಾನವೃಂದದಲ್ಲಿ ಒಂದೇ ಪುಸ್ತಕ ಹಿಡಿದು ಹಾಡುವ, ಹೊರಗೆ ಬಂದರೆ ಮಾತಾಡದ ಇಬ್ಬರು. ಅಪ್ಪ ಬಿಟ್ಟುಹೋದ ಮೂವತ್ತು ನಲವತ್ತಡಿ ಸೈಟಿಗಾಗಿ ಕೋರ್ಟು ಹತ್ತಿದ ಅಣ್ಣತಮ್ಮಂದಿರು. ತವರಿಗೆ ಬರಬೇಡ ಎನಿಸಿಕೊಂಡ ತಂಗಿ. ನಕ್ಷತ್ರ ತೂಗುಹಾಕಿ, ಗೋದಲಿ ಕಟ್ಟಿ, ಕಜ್ಜಾಯ ಕರ್ಜಿಕಾಯಿ ಮಾಡಿ ಬೀದಿಗೆಲ್ಲ ಹಂಚುತ್ತೇವೆ. ಒಂದು ಮನೆಯನ್ನು ಮಾತ್ರ ದಾಟಿ ಹೋಗುತ್ತೇವೆ. ಆ ಒಂದು ಮನೆ ಎದೆಯಲ್ಲಿ ಮುಳ್ಳಾಗಿರುವಾಗ ಹಬ್ಬದ ಸಂತೋಷ ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ಸಂಧಾನ ಮಾಡಿಕೊ ಎಂದ ಸ್ವಾಮಿಗೆ ಇದು ಗೊತ್ತಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೊ, ಅದೇ ದೇವರಿಗೆ ವಿಧೇಯತೆ ಎಂದು ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುವ ಹಿರಿಯರಿದ್ದಾರೆ. ನಾವು ಹೇಳುತ್ತಿರುವುದು ಅದನ್ನಲ್ಲ. ಫಿಲಿಪ್ಪಿಯಲ್ಲಿ ಮರುದಿನ ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಡುಗಡೆ ಮಾಡಲು ನೋಡಿದಾಗ ಪೌಲರು ಒಪ್ಪಲಿಲ್ಲ. ರೋಮನ್ ಪೌರರಾದ ತಮ್ಮನ್ನು ವಿಚಾರಣೆಯಿಲ್ಲದೆ ಬಹಿರಂಗವಾಗಿ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದರು. ಅವರು ಬರಬೇಕಾಯಿತು. ರಾತ್ರಿ ಹಾಡಿದ ಬಾಯಿಯೇ ಬೆಳಿಗ್ಗೆ ನ್ಯಾಯ ಕೇಳಿತು. ಹೊಡೆತ ತಿನ್ನುವವಳಿಗೆ ಮೊದಲು ಬೇಕಾದದ್ದು ರಕ್ಷಣೆ, ಅದನ್ನು ಒದಗಿಸುವುದು ನಮ್ಮೆಲ್ಲರ ಪಾಲಿನ ವಿಧೇಯತೆ.

ಈ ವರ್ಷ ಮನೆಯಲ್ಲಿ ಸಾವಾದವರಿಗೂ ಒಂದು ಮಾತು. ಆನಂದಿಸಿರಿ ಎಂದರೆ ಕಣ್ಣೀರು ಒರೆಸಿಕೊಂಡು ನಗುಮುಖ ಹಾಕಿ ಎಂದಲ್ಲ. ಫಿಲಿಪ್ಪಿಯವರು ಕಾಣಿಕೆ ಕೊಟ್ಟು ಕಳುಹಿಸಿದ್ದ ಎಪಫ್ರೊದಿತ ಪೌಲರ ಬಳಿಯಿದ್ದಾಗ ಕಾಯಿಲೆಬಿದ್ದು ಸಾವಿನ ಅಂಚಿಗೆ ಹೋಗಿದ್ದ. ಅವನು ತೀರಿಕೊಂಡಿದ್ದರೆ ದುಃಖದ ಮೇಲೆ ದುಃಖ ತಮಗೆ ಬರುತ್ತಿತ್ತೆಂದು ಪೌಲರು ಇದೇ ಓಲೆಯಲ್ಲಿ ಬರೆದಿದ್ದಾರೆ (2:27). ಮುಂದೆ, ಶಿಲುಬೆಗೆ ಶತ್ರುಗಳಾಗಿ ಬಾಳುವವರ ಬಗ್ಗೆ ಅಳುತ್ತಲೇ ಹೇಳುತ್ತೇನೆ ಎನ್ನುತ್ತಾರೆ. ಕಣ್ಣೀರೂ ಆನಂದವೂ ಒಂದೇ ಕಾಗದದಲ್ಲಿವೆ. ‘ಪ್ರಭುವಿನಲ್ಲಿ’ ಎಂಬ ಪದವನ್ನು ಅವರು ಬಿಡದೆ ಸೇರಿಸುವುದು ಇದಕ್ಕೇ. ಪ್ರಭು ಹತ್ತಿರದಲ್ಲಿದ್ದಾರೆ, ಸಮಾಧಿಯ ಬಳಿಯೂ ಹತ್ತಿರದಲ್ಲಿದ್ದಾರೆ.

ಇನ್ನೊಬ್ಬರು ಉಳಿದಿದ್ದಾರೆ. ಯುವೊದ್ಯ, ಸಂತುಕೆಯರಿಗೆ ನೆರವಾಗು ಎಂದು ಪೌಲರು ಒಬ್ಬ ಒಡನಾಡಿಯನ್ನು ಕೇಳಿಕೊಳ್ಳುತ್ತಾರೆ. ಯಾರೆಂದು ನಾವು ಗುರುತಿಸುವಂತೆ ಹೆಸರು ಹೇಳುವುದಿಲ್ಲ, ನಂಬಿಕಸ್ಥ ಜೊತೆಗಾರ ಎನ್ನುತ್ತಾರೆ ಅಷ್ಟೆ. ಮುನಿಸಿಕೊಂಡ ಇಬ್ಬರಿಗೆ ತಾವಾಗಿಯೇ ಎದ್ದು ಹೋಗುವುದು ಕಷ್ಟವೆಂದು ಅವರು ಬಲ್ಲರು. ಪ್ರತಿ ಕುಟುಂಬದಲ್ಲೂ ಅಂಥ ಒಬ್ಬರಿರುತ್ತಾರೆ: ಎರಡೂ ಮನೆಗೆ ಹೋಗಿಬರುವ ದೊಡ್ಡಮ್ಮ, ಇಬ್ಬರ ಮಾತನ್ನೂ ಕೇಳಿಸಿಕೊಳ್ಳುವ ಸೋದರಮಾವ, ಒಂದೇ ಶಾಲೆಗೆ ಹೋಗುವ ಮಕ್ಕಳು. ಕ್ರಿಸ್ಮಸ್‌ಗೆ ಹೆಚ್ಚೆಂದರೆ ಎರಡು ವಾರ. ಪಾಪನಿವೇದನೆಯ ವೇಳೆಯನ್ನು ದೇವಾಲಯದ ಬಾಗಿಲಲ್ಲಿ ಹಾಕಿರುತ್ತಾರೆ. ಗುಲಾಬಿ ಬತ್ತಿ ಉರಿಯುವ ಈ ವಾರದಲ್ಲಿ, ದೊಡ್ಡಮ್ಮನವರೇ, ಆ ಮನೆಗೆ ಕಜ್ಜಾಯದ ತಟ್ಟೆ ನೀವೇ ತೆಗೆದುಕೊಂಡು ಹೋಗಿ. ಹೋಗುವಾಗ ತಮ್ಮನ ಮಗನನ್ನು ಜೊತೆಗೆ ಕರೆದುಕೊಳ್ಳಿ.