ಹಾರುವ ಹಕ್ಕಿಯ ಚಿತ್ರ ಮತ್ತು ನೆರಳಿನ ತಿದ್ದುಪಡಿ

ಕೊಚ್ಚಿಯ ಬಂದರಿನ ಮೇಲೆ ಗರುಡಪಕ್ಷಿ ಸುತ್ತುವುದು ನಿತ್ಯದ ನೋಟ. ಅದರ ಬಿಳಿಯ ಎದೆ, ಕೆಂಗಂದು ರೆಕ್ಕೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಛಾಯಾಚಿತ್ರದಲ್ಲಾದರೋ ಅನೇಕ ವೇಳೆ ಕಪ್ಪು ಆಕೃತಿಯೊಂದೇ ಉಳಿಯುತ್ತದೆ. ಇದಕ್ಕೆ ಕಾರಣವೇನು?

ಕ್ಯಾಮರಾದ ಮಾಪಕವು ಪ್ರಖರವಾದ ಆಕಾಶವನ್ನು ಅಳೆದು ಬೆಳಕನ್ನು ತಗ್ಗಿಸುತ್ತದೆ. ಹಕ್ಕಿಯ ತಳಭಾಗ ಕತ್ತಲಾಗುತ್ತದೆ. ಇಂತಹಲ್ಲಿ ಬೆಳಕನ್ನು ಒಂದು 'ಸ್ಟಾಪ್', ಎಂದರೆ ಇಮ್ಮಡಿ, ಹೆಚ್ಚಿಸಬೇಕು. ತಿರುವನಂತಪುರದ ವೆಳ್ಳಾಯಣಿಯ ಹಸಿರು ಗದ್ದೆಯ ಮುಂದೆ ಹಾರುವ ಬೆಳ್ಳಕ್ಕಿಗೆ ಇದರ ವಿಪರೀತವೇ ಸರಿ. ಇಲ್ಲವಾದರೆ ಗರಿಗಳ ವಿವರ ಬಿಳುಪಿನಲ್ಲಿ ಅಳಿಸಿಹೋಗುತ್ತದೆ. ವೇಗವೂ ಮುಖ್ಯ. ಸೆಕೆಂಡಿಗೆ 10 ಮೀಟರ್ ಹಾರುವ ಹಕ್ಕಿ 1/250 ಸೆಕೆಂಡಿನಲ್ಲಿ 4 ಸೆಂಟಿಮೀಟರ್ ಸರಿಯುತ್ತದೆ; 1/2000 ಸೆಕೆಂಡಿನಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ.

ಹಿಂದೆ ಕತ್ತಲೆಕೋಣೆಯಲ್ಲಿ ಕೈಯನ್ನು ಅಡ್ಡಹಿಡಿದು ಮುದ್ರಣದ ನೆರಳನ್ನು ತಿಳಿಗೊಳಿಸುತ್ತಿದ್ದರು. ಇಂದು ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ ಪ್ರತಿ ವರ್ಣಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ 'ರಾ' ಕಡತದಲ್ಲಿ 16,384 ಹಂತಗಳಿರುತ್ತವೆ; ಆದುದರಿಂದ ತಿದ್ದುಪಡಿಗೆ ಎರಡನೆಯದೇ ಲೇಸು. ಆದರೂ ಬೆಳಕೇ ತಲುಪದ ಕಡೆ ವಿವರ ಹುಟ್ಟದು. ನೆರಳನ್ನು ಅತಿಯಾಗಿ ಎತ್ತಿದರೆ ಮರಳಿನಂತಹ ಚುಕ್ಕೆಗಳು ಏಳುತ್ತವೆ, ಕೆಂಗಂದು ಬಣ್ಣ ಬೂದಿಯಾಗುತ್ತದೆ.

ಅಳತೆ ಮೀರಿತೆಂಬುದು ತಿದ್ದಿದವನಿಗೆ ತಿಳಿಯುವುದು ಕಷ್ಟ. ಅವನ ಕಣ್ಣು ಆ ಚಿತ್ರಕ್ಕೆ ಒಗ್ಗಿರುತ್ತದೆ. ಆದುದರಿಂದಲೇ ಬಲ್ಲವರ ಅಭಿಪ್ರಾಯ ಬೇಕು. ಬೆಂಗಳೂರಿನ ಖ್ಯಾತ ವನ್ಯಜೀವಿ ಛಾಯಾಗ್ರಾಹಕ ಟಿ. ಎನ್. ಎ. ಪೆರುಮಾಳ್ ಅವರೂ ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಪಳಗಿದವರು. ತಿದ್ದಿದ ಚಿತ್ರದೊಡನೆ ಮೂಲಚಿತ್ರವನ್ನೂ ತೋರಿಸಬೇಕು. "ಚೆನ್ನಾಗಿದೆಯೇ?" ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಕಣ್ಣು ಹರಿತವಾಗಿದೆಯೇ, ಹಾರುವ ದಿಕ್ಕಿನಲ್ಲಿ ಎಡೆಯಿದೆಯೇ, ಬೆಳಕು ಬಂದ ದಿಕ್ಕಿಗೆ ನೆರಳು ಒಪ್ಪುತ್ತದೆಯೇ ಎಂದು ಕೇಳಬೇಕು. ಪಕ್ಷಿಗಳನ್ನು ಬಲ್ಲವರಲ್ಲಿ, ಇದು ಗರುಡವೋ ಹದ್ದೋ ಎಂದು ಚಿತ್ರದಿಂದಲೇ ತಿಳಿಯುವುದೇ ಎಂದೂ ವಿಚಾರಿಸಬೇಕು. ಗರುಡನ ಬಾಲದ ತುದಿ ದುಂಡು, ಹದ್ದಿನದು ಕವಲು.

ಇನ್ನೊಂದು ಮಾತು. ಒಳ್ಳೆಯ ಭಂಗಿಗಾಗಿ ಕುಳಿತ ಹಕ್ಕಿಯನ್ನು ಕಲ್ಲೆಸೆದು ಎಬ್ಬಿಸುವುದು ಸಲ್ಲದು. ಕೊಚ್ಚಿಯ ನಡುವೆ, ಹೈಕೋರ್ಟಿನ ಹಿಂದಿರುವ ಮಂಗಳವನವು 2004ರಲ್ಲಿ ಪಕ್ಷಿಧಾಮವಾಯಿತು. ನಗರದ ಹಕ್ಕಿಗಳಿಗೆ ಅಂತಹ ಆಸರೆಗಳು ವಿರಳ. ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ. ಚಿತ್ರದ ನೆರಳನ್ನು ತಿದ್ದಬಹುದು. ಒಡೆದ ಮೊಟ್ಟೆಯನ್ನು ತಿದ್ದಲಾಗದು.